ನಡೆಯದ ವಾಚು, ನಿಲ್ಲದ ಬಸ್ಸು

ನನ್ನ ವಾಚು ನಿಂತು ಎಂಟು ದಿನವಾಗಿತ್ತು. ಆದರೂ ದಿನಾ ಬೆಳಿಗ್ಗೆ ತಪ್ಪದೆ ಕಟ್ಟಿಕೊಳ್ಳುತ್ತಿದ್ದೆ. ಯಾಕೆ ಅಂತೀರಾ? ಬಂಗಾರದ ಬಣ್ಣದ ಚೈನು ನೋಡಿ! ಸೊಲ್ಲಾಪುರದಿಂದ ತರಿಸಿದ ಮಾಲು. ಅದಿಲ್ಲದಿದ್ದರೆ ಕೈ ಬೋಳು ಅನ್ನಿಸುತ್ತಿತ್ತು.

ಮೊನ್ನೆ ಸೋಮವಾರ ಬಿಜಾಪುರಕ್ಕೆ ಹೋಗಲು ಸಿಂದಗಿ ಬಸ್‌ಸ್ಟ್ಯಾಂಡಿಗೆ ಬಂದೆ. ಅಂಗಿಯ ತೋಳು ಮೊಣಕೈವರೆಗೆ ಮಡಚಿದ್ದೆ. (ಸೆಕೆಗಲ್ಲ. ನಿಮಗೆ ಗೊತ್ತು.) ಸುತ್ತಲಿನವರೂ ಏನು ಕಡಿಮೆ? ಒಬ್ಬ ಬೆಲ್‌ಬಾಟಮ್ಮಿನಿಂದ ನೆಲ ಗುಡಿಸುತ್ತ ನಡೆದಿದ್ದ. ಇನ್ನೊಬ್ಬ ಬಸ್ಸಿನ ಗಾಜಿನಲ್ಲಿ ಮುಖ ನೋಡಿಕೊಂಡು ಹಣೆಯ ಮೇಲೆ ಕೂದಲಿನ ಸುರುಳಿ ಕೂರಿಸುತ್ತಿದ್ದ. ಒಳಗೆ ಕುಳಿತ ಮುದುಕಿ ತನ್ನನ್ನೇ ನೋಡುತ್ತಿದ್ದಾನೆಂದು ತಿಳಿದು ಸೆರಗು ಎಳೆದುಕೊಂಡಳು!

ಅಷ್ಟರಲ್ಲಿ ಕನ್ನೊಳ್ಳಿ ಬಸ್ಸಿನಿಂದ ಒಬ್ಬ ತಾಯಿ, ಮಗಳು ಇಳಿದರು. ಮಗಳ ಕೈಯಲ್ಲಿ ಮಡಚಿದ ಕಾಗದ, ಕಾಲಲ್ಲಿ ಉಂಗುಟ ಕಿತ್ತ ಚಪ್ಪಲಿ. ತಾಯಿ ನನ್ನ ಚೈನು ನೋಡಿ ನೇರ ನನ್ನ ಹತ್ತಿರವೇ ಬಂದಳು.

"ಟೈಮ್ ಎಷ್ಟಾಗೇತ್ರಿ ಸಾಹೇಬ್ರ? ಎಂಟರ ಗಾಡಿಗಿ ಬಿಜಾಪುರಕ್ಕ ಹೋಗೂದೈತಿ. ಹುಡುಗೀದು ನರ್ಸ್ ಟ್ರೇನಿಂಗ್ ಇಂಟರ್‌ವ್ಯೂ ಐತ್ರಿ."

ಸಾಹೇಬ್ರು! ಆ ಒಂದು ಮಾತಿಗೆ ಕೈ ತಾನಾಗಿ ಮೇಲೆದ್ದಿತು. ಮುಳ್ಳುಗಳು ಏಳೂ ಇಪ್ಪತ್ತರಲ್ಲಿ ಸತ್ತು ಬಿದ್ದಿದ್ದವು. "ವಾಚು ನಡೆಯುವುದಿಲ್ಲ" ಎನ್ನಲು ಎಷ್ಟು ಹೊತ್ತು ಬೇಕಿತ್ತು? ಹೇಳಲಿಲ್ಲ. ಬಿಸಿಲು ನೋಡಿದೆ. ಹೆಚ್ಚುಕಡಿಮೆ ಹೊಂದುತ್ತದೆ ಅನ್ನಿಸಿತು.

"ಏಳೂ ಇಪ್ಪತ್ರಿ."

"ಹಂಗಾರ ಬಾ, ನಿಮ್ಮತ್ತಿ ಮನಿಗಿ ಹೋಗಿ ಆಕಿ ಚಪ್ಪಲಿ ಹಾಕ್ಕೊಂಡ್ ಬರೂಣು" ಎಂದು ತಾಯಿ ಮಗಳನ್ನು ಕರೆದುಕೊಂಡು ಹೋದಳು.

ಹತ್ತು ನಿಮಿಷವೂ ಆಗಿರಲಿಲ್ಲ. ಕಂಡಕ್ಟರ್ ಸೀಟಿ ಊದಿದ. "ಬಿಜಾಪುರ, ಬಿಜಾಪುರ! ಎಂಟಾತು, ಹತ್ರೀ!"

ಓಡಿಹೋಗಿ, "ಇನ್ನೂ ಇಬ್ರು ಬರೂದೈತಿ, ಜರಾ ತಡೀರಿ" ಎಂದೆ.

"ನಿಮ್ಮ ಕೈಯಾಗ ವಾಚ್ ಐತಲ್ರಿ, ನೋಡ್ಕೋರಿ! ಡ್ರೈವರ್ ಹತ್ತಿದ್ರ ಬಸ್ ಬಿಟ್ಟಂಗ."

ಡ್ರೈವರ್ ಎಲ್ಲಿ? ಪಾನ್ ಅಂಗಡಿಯ ಕನ್ನಡಿ ಮುಂದೆ. ಚಿಕ್ಕ ಬಾಚಣಿಕೆಯಿಂದ ಮೀಸೆ ತೀಡುವುದು ಮುಗಿದಿತ್ತು. ಬಾಚಣಿಕೆ ಜೇಬಿಗಿಳಿಯುತ್ತಿತ್ತು. ಹೋಗಿ ಪಕ್ಕದಲ್ಲಿ ನಿಂತೆ.

"ಮೀಸಿ ಅಂದ್ರ ಹಿಂಗಿರಬೇಕ್ರಿ! ಆದ್ರ ಎಡಕ್ಕ ಒಂದ್ ಜರಾ ಇಳದೈತಿ ನೋಡ್ರಿ."

ಬಾಚಣಿಕೆ ಮತ್ತೆ ಹೊರಬಂತು. ಎಡ ಏರಿತು.

"ಈಗ ಬಲ ಕಡಿಮಿ ಆತು."

ಬಲವೂ ಏರಿತು. ಕಂಡಕ್ಟರ್ ಮತ್ತೆ ಸೀಟಿ ಊದಿದ. ಡ್ರೈವರ್ ತಿರುಗಿ ಗದರಿದ: "ತಡಿಯೋ ಮಾರಾಯ! ಮೀಸಿ ಅಂದ್ರ ಹುಡುಗಾಟ ತಿಳದೀ ಏನು?"

ಮೂರನೇ ಸಲ ಎಡಕ್ಕೆ ಬರುವಷ್ಟರಲ್ಲಿ ತಾಯಿ, ಮಗಳು ಸೀಟಿ ಕೇಳಿ ಓಡೋಡಿ ಬಂದು ಹತ್ತಿದರು. ನಾನೂ ಹತ್ತಿದೆ.

"ಇಷ್ಟ್ ಲಗೂ ಎಂಟಾತೇನ್ರಿ?" ತಾಯಿ ಏದುಸಿರು ಬಿಡುತ್ತ ಕೇಳಿದಳು.

ಇನ್ನೇನು ಮುಚ್ಚಿಡುವುದು? ಎಲ್ಲ ಹೇಳಿಬಿಟ್ಟೆ. ಮಗಳು ಕಾಗದವನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ತಾಯಿ ನಗಲಿಲ್ಲ, ಬೈಯಲೂ ಇಲ್ಲ.

"ನಿಮ್ಮ ಕೈ ಬರೇ ಇದ್ರ ನಾವು ಬ್ಯಾರೆ ಯಾರನ್ನರ ಕೇಳ್ತಿದ್ವಲ್ರಿ" ಎಂದಳು. ಅಷ್ಟೇ.

ಬೈದಿದ್ದರೇ ಚೆನ್ನಾಗಿತ್ತು. ವಾಚು ಬಿಚ್ಚಿ ಜೇಬಿಗೆ ಹಾಕಿದೆ. ಬಿಜಾಪುರದಲ್ಲಿ ಇಳಿದ ಮೇಲೆ ನನ್ನ ಕೆಲಸ ಬಿಟ್ಟು ಅವರನ್ನು ಇಂಟರ್‌ವ್ಯೂ ಇದ್ದ ಆಸ್ಪತ್ರೆಯ ಬಾಗಿಲಿನವರೆಗೆ ಮುಟ್ಟಿಸಿದೆ. ಸಂಜೆ ವಾಪಸ್ ಬಸ್ಸಿನಲ್ಲಿ ಮತ್ತೆ ಸಿಕ್ಕರು. ಹುಡುಗಿ ಆಯ್ಕೆಯಾಗಿದ್ದಳು! ಆ ಬಸ್ಸಿನಲ್ಲಿ ನನಗಿಂತ ಹೆಚ್ಚು ಖುಷಿಯಾಗಿದ್ದವರು ಆ ತಾಯಿ, ಮಗಳು ಇಬ್ಬರೇ.

ಶೋಕಿ ಮಾಡಬಾರದು ಅನ್ನುವವನಲ್ಲ ನಾನು. ಡ್ರೈವರನದೂ ಶೋಕಿಯೇ, ನನ್ನದೂ ಶೋಕಿಯೇ. ಆದರೆ ಅವನ ಮೀಸೆಯನ್ನು ನಂಬಿ ಯಾರಿಗಾದರೂ ಬಸ್ ತಪ್ಪೀತೇ?