ಕೊಟ್ರೇಶಿ ಲಾರಿಯ ಹಿಂದಿನ ಪ್ರೇಮಕವನ

ಮಿತ್ರರೇ, ಕನ್ನಡ ಕಾವ್ಯಕ್ಕೆ ಇಂದು ಹತ್ತು ಗಾಲಿಗಳು ಬಂದಿವೆ. ನಮ್ಮ ಓಣಿಯ ಡ್ರೈವರ್ ಕೊಟ್ರೇಶಿ ತನ್ನ ಅದಿರು ಲಾರಿಯ ಹಿಂದೆ ಸ್ವಂತ ಪ್ರೇಮಕವನ ಬರೆಸಿದ್ದಾನೆ.

“ಸ್ಫೂರ್ತಿ ಎಲ್ಲಿಂದ ಬಂತಪ್ಪಾ?” ಎಂದೆ. ನಾನೂ ಕವಿಯೇ, ಬೆಳದಿಂಗಳಿನ ಮೇಲೆ ಬರೆಯುವವನು.

“ಜಗಳದಿಂದ್ರಿ. ಹೆಂಡ್ತಿ ಸಿಟ್ಟಾಗಿ ಗಾದಿಗನೂರಾಗ ತವರುಮನ್ಯಾಗ ಕುಂತಾಳ. ಫೋನ್ ಎತ್ತಂಗಿಲ್ಲ. ಮನಿಗೆ ಹೋದ್ರ ಮಾವ ಬಡಿಗಿ ತಗೋತಾನ. ಲಾರಿ ದಿನಾ ಅವರ ಬಾಗಿಲ ಮುಂದ ಹೋಗತೈತಿ, ಓದ್ಲೇಬೇಕಲ್ರಿ.”

ಸಂಜೆ ಲಾರಿ ಮರಳಿತು. ಕವನದ ಮೇಲೆಲ್ಲ ದಪ್ಪನೆಯ ಕೆಂಪು ಧೂಳು.

“ಓದಿದಳೇನೋ?”

“ಟ್ರಾಫಿಕ್ ಜಾಮ್ ಆಗಿ ಲಾರಿ ಅವರ ಮನಿ ಮುಂದನ ನಿಂತಿತ್ರಿ. ಅಕಿ ಹಿಂದ ಬಂದು ನೋಡಿ, ‘ಮೊದ್ಲ ಲಾರಿ ತೊಳಿ’ ಅಂದ್ಲು.” ಹೆಂಡತಿ ಬಾಯಿ ಬಿಟ್ಟಳೆಂದು ಅವನ ಮುಖದಲ್ಲಿ ಪ್ರಶಸ್ತಿ ಬಂದ ಕಳೆ. ನನ್ನ ಕವನಗಳಿಗೆ ಅಷ್ಟೂ ಪ್ರತಿಕ್ರಿಯೆ ಬಂದಿಲ್ಲ.

ನಾಳೆ ಗಾದಿಗನೂರಿನ ಕಡೆ ಹೋಗುವವರು, ಟ್ರಾಫಿಕ್ ಜಾಮ್‌ನಲ್ಲಿ ಈ ಲಾರಿಯ ಹಿಂದೆ ಸಿಕ್ಕಿಕೊಂಡರೆ, ದಯವಿಟ್ಟು ಇಳಿದು ಕವನದ ಮೇಲೆ ಒಂದು ಒದ್ದೆ ಬಟ್ಟೆ ಆಡಿಸಿ.