ಅಜ್ಜಿ ಒಲೆ ಒಡೆದ ಬೇಸಿಗೆ

ಆ ದಿನಗಳ ಸೌದೆ ಒಲೆಯ ಸಾರು ನೆನೆದು ಬಾಯಿ ಚಪ್ಪರಿಸುವವರು ದಯವಿಟ್ಟು ನನ್ನ ಮುಂದೆ ಚಪ್ಪರಿಸಬೇಡಿ. ಆ ಸಾರನ್ನು ನಾನೂ ಉಂಡಿದ್ದೇನೆ. ಕವಲಂದೆ ಹತ್ತಿರದ ನಮ್ಮ ಮನೆಯಲ್ಲಿ ಹತ್ತಿಕಡ್ಡಿ, ಬೆರಣಿ ಉರಿಸಿ ಅಜ್ಜಿ ಮಾಡುತ್ತಿದ್ದ ಉಪ್ಸಾರು, ಕುಂಟೆಬಿಲ್ಲೆ ಆಡಿ ಬಂದ ಮಣ್ಣುಗೈಯಲ್ಲೇ ಸಿಪ್ಪೆ ಸುಲಿದು ತಿಂದ ಸುಟ್ಟ ಗೆಣಸು, ಎಲ್ಲ ನೆನಪಿದೆ. ಅಜ್ಜಿಯ ಕೆಮ್ಮೂ ನೆನಪಿದೆ.

ನನಗೆ ಹತ್ತು ವರ್ಷವಾದ ಬೇಸಿಗೆಯಲ್ಲಿ ಅವಳ ಕಾಲುಗಳು ಬಾತುಕೊಂಡವು. ಜಗಲಿಯಿಂದ ಹಿತ್ತಲಿಗೆ ಹೋಗುವಷ್ಟರಲ್ಲಿ ಎರಡು ಸಲ ಕೂರುತ್ತಿದ್ದಳು. ಅವ್ವ ಅವಳನ್ನು ನಂಜನಗೂಡಿನ ಆಸ್ಪತ್ರೆಗೆ ಕರೆದೊಯ್ದಾಗ ನಾನೂ ಹಟ ಹಿಡಿದು ಬಸ್ಸು ಹತ್ತಿದೆ.

"ಬೀಡಿ ಸೇದ್ತೀರಾ ಅಜ್ಜಿ?" ಎಂದರು ಡಾಕ್ಟರು.

"ನಾನ್ಯಾಕ್ ಸೇದ್ಲಿ ಸಾ? ಮದ್ವೆ ಆಗಿ ಬಂದಾಗಿಂದ ಒಲೆ ಊದ್ತಾ ಇವ್ನಿ."

ಸ್ಕ್ಯಾನ್ ನೋಡಿ ಅವರು ಅವ್ವನಿಗೆ ಬಿಡಿಸಿ ಹೇಳಿದರು. ಹೊಗೆ ಕುಡಿದು ಶ್ವಾಸಕೋಶ ಕೆಟ್ಟಿದೆ. ಅಲ್ಲಿಗೆ ರಕ್ತ ಒಯ್ಯುವ ನಾಳಗಳಲ್ಲಿ ಒತ್ತಡ ಏರಿದೆ. ಆ ಒತ್ತಡಕ್ಕೆ ಎದುರಾಗಿ ತಳ್ಳಿ ತಳ್ಳಿ ಹೃದಯದ ಬಲಭಾಗ ಸೋತಿದೆ.

ಅಜ್ಜಿ ತೋಳು ಚಾಚಿ, "ನನ್ ಬಿಪಿ ಸರ್ಯಾಗೇ ಅದಲ್ಲ ಸಾ, ಈಗ್ತಾನೆ ನರ್ಸಮ್ಮ ನೋಡುದ್ರು" ಎಂದಳು.

"ಇದು ಎದೆಯೊಳಗಿನ ಬಿಪಿ ಕಣಜ್ಜಿ, ತೋಳಲ್ಲಿ ಕಾಣಲ್ಲ. ಇನ್ನು ಒಲೆ ಹತ್ರ ಹೋಗ್ಬೇಡಿ."

ಅಷ್ಟರಲ್ಲಿ ಅವ್ವ ಬಾಯಿಗೆ ಸೆರಗು ಹಿಡಿದು ಕೆಮ್ಮಿದಳು. ಅಜ್ಜಿ ತಿರುಗಿ ಅವಳನ್ನೇ ನೋಡಿದಳು.

ಮನೆಯಲ್ಲಿ ಗ್ಯಾಸ್ ಇರಲಿಲ್ಲ ಅಂದುಕೊಳ್ಳಬೇಡಿ. ಸಿಲಿಂಡರು ಮೂಲೆಯಲ್ಲಿ ಬಟ್ಟೆ ಹೊದ್ದು ನೆಂಟರ ಕಾಫಿಗಾಗಿ ಕಾಯುತ್ತಿತ್ತು. ಗ್ಯಾಸಿನ ಮುದ್ದೆ ತಾತನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಾಗಾಗಿ ಅಜ್ಜಿ ಎದ್ದ ಜಾಗದಲ್ಲಿ ಅವ್ವ ಕೂತಳು, ಅದೇ ಊದುಗೊಳವೆ ಹಿಡಿದು.

ಮೂರನೇ ದಿನ ಬೆಳಿಗ್ಗೆ ಅವ್ವ ನೀರಿಗೆ ಹೋದಾಗ ಅಜ್ಜಿ ಹಾರೆ ಹಿಡಿದು ಅಡುಗೆಮನೆಗೆ ಬಂದಳು. ದಿನವೂ ತಾನೇ ಸಗಣಿ ಸಾರಿಸಿ ರಂಗೋಲಿ ಎಳೆಯುತ್ತಿದ್ದ ಒಲೆಗೆ ಎರಡೇಟು ಹಾಕಿದಳು, ಕೂತಳು, ಏದುಸಿರು ಬಿಟ್ಟಳು, ಮತ್ತೆ ಎದ್ದಳು. ತುಟಿ ನೇರಳೆ ಹಣ್ಣು ತಿಂದಂತೆ ಕಪ್ಪಾಗಿತ್ತು. ನಾನು ಹೆದರಿ ಹಾರೆ ಕಸಿಯಲು ಹೋದರೆ, "ಬುಡಮ್ಮಿ, ಇದು ನನ್ ಕೆಲ್ಸ" ಎಂದಳು.

ಸದ್ದಿಗೆ ತಾತ ಓಡಿಬಂದ. "ಒಲೆ ಒಡದ್ರೆ ಮನೆಗೆ ಕೇಡು ಕಣಮ್ಮಿ!"

"ಕೇಡು ಆಗ್ಲೇ ಬಂದು ನನ್ನೆದೇಲಿ ಕುಂತದೆ. ಸೊಸೆ ಎದೆಗೂ ಬುಡ್ಬೇಕಾ? ಈ ಒಲೆ ಒಗೆ ನನ್ ಜತೆಗೇ ಮುಗೀಲಿ. ನಿಂಗೆ ರುಚಿ ಬೇಕಾದ್ರೆ ನೀನೇ ಒಲೆ ಕಟ್ಟು, ನೀನೇ ಊದು."

ತಾತ ಕಟ್ಟಲಿಲ್ಲ. ಒಂದು ವಾರ ಮುನಿಸಿಕೊಂಡೇ ಗ್ಯಾಸಿನ ಮುದ್ದೆ ನುಂಗಿದ. ಮಳೆಗಾಲದ ಹೊತ್ತಿಗೆ ಅವ್ವನ ಕೆಮ್ಮು ನಿಂತಿತ್ತು.

ಅಜ್ಜಿ ಮುಂದಿನ ಬೇಸಿಗೆ ಕಾಣಲಿಲ್ಲ. ಕಳೆದುಕೊಂಡದ್ದರ ಲೆಕ್ಕ ಹಾಕುವುದಾದರೆ ನಾನು ಅವಳನ್ನು ಎಣಿಸುತ್ತೇನೆ, ಸಾರನ್ನಲ್ಲ. 'ಸೌದೆ ಒಲೆ ಊಟ' ಎಂಬ ಬೋರ್ಡು ಕಂಡರೆ ಒಳಗೆ ಯಾರು ಕೆಮ್ಮುತ್ತಿದ್ದಾರೆಂದು ಮೊದಲು ಕಿವಿಗೊಡುತ್ತೇನೆ. ಆ ರುಚಿ ಹೋಯಿತು, ನಿಜ. ಹೋಗಲಿ.

ಅವ್ವನಿಗೀಗ ಅಜ್ಜಿಯ ಅಂದಿನ ವಯಸ್ಸು. ಮೊನ್ನೆ ತಿ. ನರಸೀಪುರದಲ್ಲಿ ಹೊಳೆಯ ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಹತ್ತಿ ಮೇಲೆ ನಿಂತು, ಕೆಳಗೆ ಸುಧಾರಿಸಿಕೊಳ್ಳುತ್ತಿದ್ದ ನನ್ನನ್ನು ಕೂಗಿದಳು:

"ಬಾರಮ್ಮಿ ಬಿರ್ನೆ, ಬಸ್ ಒಂಟೋಯ್ತದೆ!"