ಎರಡನೆಯ ಛಾಟಣಿ

2019ರಲ್ಲಿ ನಾನು ಕಾಗವಾಡ ತಾಲ್ಲೂಕಿನ ಒಂದು ಪಿಯು ಕಾಲೇಜಿನಲ್ಲಿ ಗಣಿತ ಉಪನ್ಯಾಸಕನಾಗಿದ್ದೆ. ಮನೆಗೆ ಬೀಗ ಹಾಕಿ ಬಂದು, ಹಾಕಿದೆನೋ ಇಲ್ಲವೋ ಎಂದು ಪಾಠದ ನಡುವೆ ಚಿಂತಿಸುವವನು. ಅಂಥವನ ಪಾಲಿಗೆ ಆ ವರ್ಷ ಶೇಡಬಾಳದ ಪದ್ಮಜಾ ಬಂದಳು. ನನ್ನದೇ ತರಗತಿಯವಳು; ಪ್ರಥಮ ಪಿಯುಸಿಯಲ್ಲಿ ಗಣಿತವೊಂದೇ ಹೋಗಿತ್ತು. ಎಂಜಿನಿಯರಿಂಗ್ ಓದುವ ಆಸೆ ಮಾತ್ರ ಹೋಗಿರಲಿಲ್ಲ.

ಅವಳ ತಂದೆ ಅಣ್ಣಾಸಾಹೇಬರು ಸ್ಟಾಫ್ ರೂಮಿಗೇ ಬಂದು ಹೇಳಿದರು: “ಪೂರಕ ಪರೀಕ್ಷಾನೂ ಹೋತಂದ್ರ ಆರ್ಟ್ಸ್‌ಗೆ ಹಾಕ್ತೀನ್ರಿ ಸರ. ನೀವೂ ಚಿಂತಿ ಬಿಡ್ರಿ.”

ಚಿಂತೆ ಬಿಡುವುದು ನನಗೆ ಬರುವ ವಿದ್ಯೆಯಲ್ಲ. ಏಪ್ರಿಲ್‌ನಲ್ಲಿ ವಿಶೇಷ ತರಗತಿ ಶುರು ಮಾಡಿದೆ.

ಅವಳದು ಒಂದೇ ಕಾಯಿಲೆ. sin x = 1/2 ಎಂದು ಕೊಟ್ಟರೆ 30 ಡಿಗ್ರಿ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಪೆನ್ನಿನ ಕ್ಯಾಪ್ ಹಾಕಿಬಿಡುತ್ತಿದ್ದಳು. ಬೋರ್ಡಿನಲ್ಲಿ ನಾನು ಬಿಡಿಸಿದ ವೃತ್ತದ ಆಚೆ ಬದಿಯ 150 ಡಿಗ್ರಿಗೂ ಅದೇ ಬೆಲೆ. ಮೇಲಾಗಿ 360 ಡಿಗ್ರಿಗೊಮ್ಮೆ ಎರಡೂ ಮರಳಿ ಬರುತ್ತವೆ. ಎಲ್ಲವನ್ನೂ ಒಟ್ಟಿಗೆ ಹಿಡಿಯುವುದೇ ಜನರಲ್ ಸೊಲ್ಯೂಷನ್.

“ಉತ್ತರ ಸಿಕ್ಕ ಮ್ಯಾಲ ಮತ್ಯಾಕ ಹುಡಕೂದ್ರಿ?” ಎನ್ನುತ್ತಿದ್ದಳು. ನಾನು ಸೂತ್ರ ಹೇಳುತ್ತಿದ್ದೆ. ಅವಳು ಆಕಳಿಸುತ್ತಿದ್ದಳು.

ಒಂದು ದಿನ ತಡವಾಗಿ ಬಂದಳು. “ದ್ರಾಕ್ಷಿ ಛಾಟಣಿ ಇತ್ರಿ ಸರ.”

ಬಳ್ಳಿ ಕತ್ತರಿಸುವ ಈ ನೆಪ ನನಗೆ ಹಳೆಯದು. “ಅಕ್ಟೋಬರ್‌ದಾಗೂ ಅದನ್ನ ಹೇಳಿದ್ದಿಯಲ್ಲವಾ?”

“ಅದು ಬ್ಯಾರೆ, ಇದು ಬ್ಯಾರೆ ಸರ! ಈಗಿಂದು ಕಡ್ಡಿ ಬೆಳ್ಯಾಕ, ಅದು ಹಣ್ಣಿಗೆ. ಒಂದ ಮಾಡಿ ಕುಂತ್ರ ಬಾಯಿಗೆ ಬರೂದು ಬರೇ ಎಲಿ.”

“ಮುಂದಿನ ವರ್ಷ?”

“ಮುಂದಿನ ವರ್ಷನೂ ಎರಡ. ಬಳ್ಳಿ ಇರೂತನಕ ಎರಡ...” ಎಂದವಳು ಬೋರ್ಡಿನ ಮೇಲಿನ ವೃತ್ತದ ಕಡೆ ನೋಡಿ ನಿಂತಳು. “ಸರ, ಇದೂ ಹಂಗೇನ್ರಿ?”

ಸೂತ್ರದ ಬದಲು ನಾನು ಚಾಕ್ ಮುಂದೆ ಹಿಡಿದೆ. ಅವಳೇ ತೆಗೆದುಕೊಂಡು ಬರೆದಳು: 30 + 360n, 150 + 360n. n ಅಂದರೆ ಎಷ್ಟನೆಯ ವರ್ಷ ಎಂದು ನನಗೇ ವಿವರಿಸಿದಳು.

ಪರೀಕ್ಷೆಯ ದಿನ ಗೇಟಿನ ಹೊರಗೆ ಬೇವಿನ ಮರದಡಿ ನಿಂತಿದ್ದೆ. ಮೊದಲು ಹೊರಬಂದವನ ಪ್ರಶ್ನೆಪತ್ರಿಕೆ ಇಸಿದುಕೊಂಡು ನೋಡಿದರೆ cos x = 1/2! ನಾವು ತಿದ್ದಿ ತೀಡಿದ್ದೆಲ್ಲ sin. ಆರ್ಟ್ಸ್ ತರಗತಿಯ ಬೆಂಚಿನಲ್ಲಿ ಅವಳು ಕೂತ ಚಿತ್ರವೇ ಕಣ್ಣಿಗೆ ಕಟ್ಟಿತು.

ಪದ್ಮಜಾ ನಗುತ್ತ ಬಂದಳು. “ಬರೇ ಛಾಟಣಿ ತಿಂಗಳ ಬದಲಿ ಮಾಡಿದ್ರು ಸರ. 60, 300. ನಾ ಏನ್ ಎರಡನೇ ಛಾಟಣಿ ಬಿಡ್ಲಿಲ್ಲ.”

ಪಾಸಾದಳು. ಅಣ್ಣಾಸಾಹೇಬರು ಒಂದು ಬುಟ್ಟಿ ಒಣದ್ರಾಕ್ಷಿ ತಂದು, “ಈಗರ ಚಿಂತಿ ಬಿಡ್ರಿ” ಎಂದರು.

ಪೂರ್ತಿ ಬಿಟ್ಟಿಲ್ಲ. ಆದರೆ ತಲೆಗೆ ಮೊದಲು ಹೊಳೆದ ಕೆಟ್ಟ ಉತ್ತರದ ಕೆಳಗೆ ಈಗ ಎರಡು ಗೆರೆ ಎಳೆಯುವುದಿಲ್ಲ. ವೃತ್ತದ ಆಚೆ ಬದಿಗೂ ಒಮ್ಮೆ ಇಣುಕುತ್ತೇನೆ; ಅಲ್ಲೂ ಒಂದು ಉತ್ತರ ಇರುತ್ತದೆ.